ತೊಳೆದರೆ ಹೋಗುವ ಎಣ್ಣಿ ಅಲ್ಲ ಅದು

ಹೋದ ವರ್ಷ ದಸರಾ ಮುಗಿದ ಮರುದಿನ, ನಮ್ಮ ತರಬೇತಿಗೆ ಬರುವ ಹೆಣ್ಣುಮಗಳೊಬ್ಬಳು ಬೈಲಹೊಂಗಲದ ಬಸ್ಸಿನಿಂದ ನಾಲ್ಕು ಕಿಲೋ ಗುಲಾಬಿ ಹೊತ್ತುಕೊಂಡು ಇಳಿದಳು. ಹಬ್ಬ ಆಗಿಹೋಗಿತ್ತು, ಪ್ಯಾಟಿಯಲ್ಲಿ ದರ ಬಿದ್ದಿತ್ತು. "ಅಕ್ಕಾರ, ಉಪ್ಪು ಅರಿಶಿಣ ಹಾಕಿ ಮೂರು ಸಲ ತೊಳದೀನ್ರಿ. ಇನ್ನ ಗುಲ್ಕಂದ ಹಾಕೂದಷ್ಟ." ಪಕಳೆಗಳು ಸ್ವಚ್ಛವಾಗಿಯೇ ಇದ್ದವು. ತೊಟ್ಟಿನ ಸಂದಿಯಲ್ಲಿ ಮಾತ್ರ ಬಿಳಿ ಪುಡಿ ಅಂಟಿಕೊಂಡಿತ್ತು. ಉಗುರಿನಿಂದ ಕೆರೆದು ತೋರಿಸಿದೆ. "ಅದನ್ನೂ ತೊಳೀತೀನ್ರಿ" ಎಂದು ಬೋಗುಣಿ ಹಿಡಿದು ಎದ್ದೇಬಿಟ್ಟಳು.

ಬೆಳಗಾವಿಯಲ್ಲಿ ಹೂವಿನ ಸಿರಪ್ಪು, ಶರಬತ್ತು ಮಾಡಿ ಮಾರಲು ಹಿಡಿದು ಹನ್ನೆರಡು ವರ್ಷವಾಯಿತು. ಮಾಡುವ ಬಗೆ ಕೇಳುವವರಿಗೆ ಬೇಸರವಿಲ್ಲದೆ ಹೇಳುತ್ತೇನೆ. ಆದರೆ "ತೊಳೆದರೆ ಸಾಕಲ್ರಿ?" ಎಂಬ ಪ್ರಶ್ನೆ ಬಂದರೆ ನನಗೆ ತಲೆ ಸುತ್ತುತ್ತದೆ. ಹಾರಕ್ಕೆ ಬೆಳೆದ ಹೂವು ಊಟಕ್ಕಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಮುಂದಿನ ಹಬ್ಬಕ್ಕೆ ಮತ್ತೊಬ್ಬರು ಚೀಲ ಹೊತ್ತು ಬರುತ್ತಾರೆ.

ಆ ಬಿಳಿ ಪುಡಿ ಔಷಧವೋ, ಬೋರಿನ ನೀರಿನ ಸುಣ್ಣದ ಕಲೆಯೋ, ಪ್ರಯೋಗಾಲಯಕ್ಕೆ ಕಳಿಸದೆ ನಾನು ಹೇಳಲಾರೆ. ನನ್ನ ತಕರಾರು ಕಾಣುವ ಪುಡಿಯದಲ್ಲ. ಗುಲಾಬಿಗೆ ಥ್ರಿಪ್ಸ್ ನುಸಿ ಬೀಳುತ್ತದೆ, ರೈತ ಎಣ್ಣಿ ಹೊಡೆಯುತ್ತಾನೆ. ಎಣ್ಣಿ ಎಂದರೆ ನಮ್ಮ ಕಡೆ ಕೀಟನಾಶಕ. ಎಣ್ಣಿಯಲ್ಲಿ ಕೆಲವು ಎಲೆಯ ಮೇಲೆ ಕೂರುತ್ತವೆ. ಅವು ತೊಳೆದಾಗ ಅಷ್ಟಿಷ್ಟು ಹೋಗಬಹುದು. ಇಮಿಡಾಕ್ಲೋಪ್ರಿಡ್‌ನಂಥವು ಗಿಡದ ರಸಕ್ಕೇ ಇಳಿಯುತ್ತವೆ. ಒಳಗೆ ಸೇರಿದ್ದನ್ನು ಉಪ್ಪುನೀರು ಹೊರಗೆ ತರುವುದಿಲ್ಲ. ಅರಿಶಿಣವೂ ತರುವುದಿಲ್ಲ, ಬೇಕಿಂಗ್ ಸೋಡಾನೂ ತರುವುದಿಲ್ಲ.

"ಟೊಮ್ಯಾಟೊಕ್ಕೂ ಹೊಡೀತಾರಲ್ರಿ, ತಿನ್ನೂದಿಲ್ಲೇನು?" ಎನ್ನುತ್ತಾರೆ. ತಿನ್ನುತ್ತೇವೆ. ಆದರೆ ತಿನ್ನುವ ಬೆಳೆಗೆ, ಎಣ್ಣಿ ಹೊಡೆದ ಮೇಲೆ ಇಷ್ಟು ದಿನ ಕೊಯ್ಯಬಾರದು ಎಂಬ ಲೆಕ್ಕವಿದೆ. ಎಲ್ಲರೂ ಪಾಲಿಸುತ್ತಾರೆಂದು ನಾನು ಆಣೆ ಮಾಡುವುದಿಲ್ಲ, ಲೆಕ್ಕವಂತೂ ಇದೆ. ಗುಲಾಬಿಯ ಪಾಡು ಬೇರೆ. ಅರಳಿದ್ದನ್ನು ಅಂದೇ ಬಿಡಿಸಬೇಕು. ನಿನ್ನೆ ಸಂಜೆ ಹೊಡೆದು ಇವತ್ತು ನಸುಕಿನಲ್ಲಿ ಬಿಡಿಸಿದರೂ ಅದು ಹೋಗುವುದು ದೇವರ ಕೊರಳಿಗೆ, ರೈತನದೇನೂ ತಪ್ಪಿಲ್ಲ. ಅದನ್ನು ಕೊಂಡು ತಂದು ಬರಣಿಗೆ ತುಂಬುವವರು ನಾವು. ಅದೂ ಒಂದೆರಡು ಪಕಳೆಯಲ್ಲ, ನೂರಾರು ಹೂವಿನದ್ದು ಒಂದೇ ಬರಣಿಯಲ್ಲಿ. ಗುಲ್ಕಂದದಲ್ಲಂತೂ ಸೋಸುವುದೂ ಇಲ್ಲ, ಪಕಳೆ ಸಮೇತ ತಿನ್ನುವುದು. ಒಣಗಿಸಿದರೆ ನೀರು ಹೋಗುತ್ತದೆ, ಎಣ್ಣಿ ಹೋಗುತ್ತದೆಂದು ನಂಬಬೇಡಿ. ಕುದಿಸಿದರೆ ಖಾತ್ರಿಯಾಗಿ ಹೋಗುವುದು ಘಮ ಒಂದೇ!

ಹಾಗೆಂದು ಹೂವಿಗೇ ಹೆದರಬೇಕಿಲ್ಲ. ಯುಗಾದಿಗೆ ಬೆಲ್ಲದ ನೀರಿನಲ್ಲಿ ಪುಠಾಣಿ ಹಿಟ್ಟು, ಒಣಹಣ್ಣು, ಬೇವಿನ ಹೂ ಕದಡಿ ಕುಡಿಯುವ ನಾಡು ನಮ್ಮದು. ನುಗ್ಗೆ ಹೂ, ಕುಂಬಳ ಹೂ, ಬಾಳೆ ಹೂ ತಿಂದವರಿಗೆ ಹೊಸದಾಗಿ ಪಾಠ ಬೇಡ. ನನಗೆ ಈಗ ಪ್ರೀತಿ ಹುಟ್ಟಿರುವುದು ಕುಸುಬಿಯ ಮೇಲೆ. ವಿಜಯಪುರದ ಕಡೆ ಎಳೆ ಎಲೆ ಪಲ್ಯಕ್ಕೆ, ಕಾಳು ಎಣ್ಣೆಗೆ. ಮುಳ್ಳಿನ ನಡುವಿನ ಎಸಳು ಕೇಳುವವರಿಲ್ಲ. ಬಿಸಿನೀರಿಗೆ ಹಾಕಿದರೆ ಚಿನ್ನದಂಥ ಹಳದಿ ಬಿಡುತ್ತದೆ. ಇದೇ ಎಸಳನ್ನು ಕೇಸರಿ ಎಂದು ಮಾರುವ ಕಳ್ಳರೂ ಇದ್ದಾರೆ. ಕುಸುಬಿ ಎಂದೇ ಹೇಳಿ ಮಾರಿದರೆ ಏನು ಕಡಿಮೆಯೋ ಕಾಣೆ.

ಇನ್ನೊಂದು ಸಿಟ್ಟು. ಮುಧೋಳದ ಕಡೆಯ ಮದುವೆಯೊಂದರಲ್ಲಿ ಸ್ವಾಗತದ ಪಾನಕದ ಮೇಲೆ ಗುಲಾಬಿ ಬಣ್ಣದ ಹೂ ತೇಲಿಬಿಟ್ಟಿದ್ದರು. ಹತ್ತಿರ ಹೋಗಿ ನೋಡಿದರೆ ಕಣಗಲ! ಅಡುಗೆಯವರನ್ನು ಕರೆದರೆ, "ಬರೇ ಚಂದಕ್ಕ ಇಟ್ಟೀವ್ರಿ ಅಕ್ಕಾರ, ಯಾರು ತಿಂತಾರ?" ಅದರ ಎಲೆ, ಹೂ, ಕಾಂಡ ಎಲ್ಲದರಲ್ಲೂ ಹೃದಯದ ಬಡಿತ ಕೆಡಿಸುವ ವಿಷವಿದೆ. ಕೇರಳದ ದೇವಸ್ಥಾನಗಳನ್ನು ನೋಡಿಕೊಳ್ಳುವ ತಿರುವಾಂಕೂರು ದೇವಸ್ವಂ ಮಂಡಳಿ 2024ರ ಮೇ ತಿಂಗಳಲ್ಲಿ ಅದನ್ನು ನೈವೇದ್ಯ, ಪ್ರಸಾದದಿಂದಲೇ ದೂರವಿಟ್ಟಿತು. ಆ ಗ್ಲಾಸುಗಳನ್ನು ಮೋರಿಗೆ ಸುರಿಸುವವರೆಗೆ ನಾನು ಊಟಕ್ಕೆ ಕೂರಲಿಲ್ಲ. ಬೀಗರು ನನ್ನನ್ನು ಜಗಳಗಂಟಿ ಎಂದುಕೊಂಡಿರಬೇಕು.

ಸಿರಪ್ಪಿನ ಮಾತು ಚುಟುಕಾಗಿ. ಒಂದು ಕಿಲೋ ಸಕ್ಕರೆಗೆ ಅರ್ಧ ಲೀಟರ್ ನೀರು, ಪಾಕ ಇಳಿಸಿದ ಮೇಲೆ ಪಕಳೆ, ಮುಚ್ಚಿಟ್ಟು ಮರುದಿನ ಸೋಸುವುದು, ಕೊನೆಗೆ ನಿಂಬೆ. ಅಳೆದರೆ 65 ಬ್ರಿಕ್ಸಿಗೆ, ಅಂದರೆ ನೂರು ಗ್ರಾಂ ಸಿರಪ್ಪಿನಲ್ಲಿ ಸುಮಾರು 65 ಗ್ರಾಂ ಸಕ್ಕರೆಗೆ, ಕಡಿಮೆ ಇರಬಾರದು. "ಸಕ್ಕರಿ ಕಮ್ಮಿ ಮಾಡ್ರಿ" ಎಂದು ಗಿರಾಕಿಗಳು ಗೋಗರೆದರೆಂದು ಒಮ್ಮೆ ನಾನೂ ಶಂಖಪುಷ್ಪದ್ದನ್ನು ಸಕ್ಕರೆ, ನೀರು ಸಮಸಮ ಮಾಡಿ ಪ್ರದರ್ಶನಕ್ಕೆ ಒಯ್ದೆ. ಮೂರನೆಯ ದಿನ ಮಧ್ಯಾಹ್ನ ಸಿರಪ್ಪು ಹುದುಗಿ ಬಾಟಲಿಯ ಮುಚ್ಚಳ ಟಪ್ಪೆಂದು ಹಾರಿ, ಪಕ್ಕದ ಮಳಿಗೆಯ ಇಳಕಲ್ ಸೀರೆಯ ಸೆರಗು ನೀಲಿಯಾಯಿತು. ಆ ಸೀರೆ ನನ್ನ ಕಪಾಟಿನಲ್ಲೇ ಇದೆ. ಸಕ್ಕರೆ ಕಡಿಮೆ ಬೇಕೆಂದವರು ಕುಡಿಯುವಾಗ ನೀರು ಜಾಸ್ತಿ ಬೆರೆಸಿಕೊಳ್ಳಲಿ. ಬಿಪಿಗೆ ದಾಸವಾಳದ ಚಹಾ ಒಳ್ಳೆಯದೇ ಎಂದು ನನ್ನನ್ನು ಕೇಳಬೇಡಿ. ಗುಳಿಗೆ ತೆಗೆದುಕೊಳ್ಳುವವರು, ಬಸುರಿಯರು ಡಾಕ್ಟರನ್ನೇ ಕೇಳಿ.

ಬೈಲಹೊಂಗಲದವಳಿಗೆ ಅಂದು ಹೇಳಿದ್ದಿಷ್ಟು: ಎರಡು ಜವಾರಿ ಗುಲಾಬಿ ಹಚ್ಚು, ಎಣ್ಣಿ ಮುಟ್ಟಿಸಬೇಡ. ಮುಖ ಸಣ್ಣದು ಮಾಡಿಕೊಂಡೇ ಹೋದಳು. ನಾಲ್ಕು ಕಿಲೋ ಹೂವಿನ ದುಡ್ಡು ಪಾಪ ಅವಳದೇ. ಹೋದ ತಿಂಗಳು ಫೋನು ಬಂತು. "ಅಕ್ಕಾರ, ಹನ್ನೊಂದು ಹೂ ಬಿಟ್ಟಾವ್ರಿ. ಎಷ್ಟು ಗುಲ್ಕಂದ ಆದೀತು?"

"ಗಿಡ ನರ್ಸರಿಯಿಂದ ತಂದೀಯೇನವಾ?" ಎಂದೆ. ಅಲ್ಲಿಯೂ ಎಣ್ಣಿ ಹೊಡೆದಿರುತ್ತಾರೆ. ಹಾಗಿದ್ದರೆ ಮೊದಲ ಕೆಲವು ತಿಂಗಳ ಹೂವನ್ನು ನಾನು ದೇವರಿಗೇ ಬಿಡಿಸುತ್ತೇನೆ.

"ಇಲ್ರಿ, ನಮ್ಮತ್ತಿ ತವರಮನಿಯಿಂದ ಕಡ್ಡಿ ತಂದು ಹಚ್ಚೀನಿ."

"ಹಂಗಾರ ಒಂದು ಸಣ್ಣ ವಾಟಗ ಆಗತೈತಿ."