ದೀಪ ಆರಿತು, ಬ್ರೇಕ್ ಆರಿಲ್ಲ

ದಾವಣಗೆರೆಯಿಂದ ರಾತ್ರಿಯೇ ಕಾರು ಹತ್ತಿ, ನಿದ್ದೆಗೆಟ್ಟು ಬೆಂಗಳೂರಿನ ಬೆಳಗಿನ ವಿಮಾನ ಹಿಡಿದವರಿಗೆ ತಾಳ್ಮೆ ಕಮ್ಮಿ ಇರುವುದು ಸಹಜ. ರನ್‌ವೇಯಲ್ಲಿ ಓಡುತ್ತಿದ್ದ ವಿಮಾನ ಗಕ್ಕನೆ ನಿಂತು, ವಾಪಸ್ ಬಂದು, ದೋಷ ಸರಿಹೋಗಿದೆ ಎಂದ ಮೇಲೂ ಕಾಯಿಸಿದರೆ ಎಲ್ಲರದೂ ಒಂದೇ ಪ್ರಶ್ನೆ: ‘ರಿಪೇರಿ ಆಯ್ತಲ್ಲ, ಇನ್ನೇನು?’ ರಿಪೇರಿ ಆಗಿದ್ದು ದೋಷ, ಸ್ವಾಮಿ. ನಿಲ್ಲಿಸಿದ ಬ್ರೇಕು ಇನ್ನೂ ಆರಿಲ್ಲ.

80–100 ನಾಟ್ (ಗಂಟೆಗೆ ಸುಮಾರು 150–185 ಕಿ.ಮೀ.) ಒಳಗೆ ಸಣ್ಣ ಎಚ್ಚರಿಕೆ ದೀಪಕ್ಕೂ ಟೇಕಾಫ್ ಕೈಬಿಡಬಹುದು. ಅದರಾಚೆ ಎಂಜಿನ್ ಕೆಟ್ಟರೆ, ಬೆಂಕಿ ಹತ್ತಿದರೆ, ವಿಮಾನ ಹಾರಲಾರದು ಎನಿಸಿದರೆ, ಹೀಗೆ ಕೆಲವೇ ಕಾರಣಗಳಿಗೆ. ವಿ-1, ಅಂದರೆ ನಿಲ್ಲಿಸುವ ತೀರ್ಮಾನಕ್ಕೆ ಕೊನೆಯ ವೇಗ, ದಾಟಿತೋ, ಹಾರುವುದೇ. ಎಂಜಿನ್ ಶಕ್ತಿಯ ಥ್ರಸ್ಟ್ ಲಿವರ್ ಹಿಂದಕ್ಕೆ, ಆಟೋಬ್ರೇಕ್ ಪೂರ್ತಿ, ರೆಕ್ಕೆಯ ಮೇಲೆ ಎದ್ದು ನಿಲ್ಲುವ ಸ್ಪಾಯ್ಲರ್ ಹಲಗೆಗಳು, ಎಂಜಿನ್ನಿನ ಗಾಳಿಯನ್ನು ಮುಂದಕ್ಕೆ ತಿರುಗಿಸುವ ರಿವರ್ಸ್: ಪೈಲಟ್‌ಗೆ ಕೆಲವೇ ಸೆಕೆಂಡಿನ ಕೆಲಸ. ವಿಮಾನ ನೋಡಿಕೊಳ್ಳುವ ನೆಲದ ಸಿಬ್ಬಂದಿ ನಾವು, ನಮ್ಮದು ಆಮೇಲೆ ಶುರು.

70 ಟನ್ನಿನ ಎ320 ವಿಮಾನ 140 ನಾಟ್‌ನಲ್ಲಿ, ಅಂದರೆ ಗಂಟೆಗೆ ಸುಮಾರು 260 ಕಿ.ಮೀ. ವೇಗದಲ್ಲಿದ್ದಾಗ ಅದರ ಚಲನಶಕ್ತಿ 18 ಕೋಟಿ ಜೂಲ್. 500 ಲೀಟರ್ ನೀರು ಕುದಿಸಲು ಸಾಕು. 80 ನಾಟ್‌ನಲ್ಲೇ ನಿಲ್ಲಿಸಿದ್ದರೆ ಇದರ ಮೂರನೇ ಒಂದು ಪಾಲು. ರಿವರ್ಸ್, ಗಾಳಿಯ ತಡೆ ಒಂದಿಷ್ಟು ಹೊರುತ್ತವೆ. ಉಳಿದದ್ದೆಲ್ಲ ನಾಲ್ಕು ಹಿಂಚಕ್ರಗಳ ಕಾರ್ಬನ್ ಡಿಸ್ಕಿಗೆ. ಮೂತಿಯ ಚಕ್ರಕ್ಕೆ ಬ್ರೇಕೇ ಇಲ್ಲ.

ಮಂಡಕ್ಕಿ ಭಟ್ಟಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉರಿ ತೆಗೆದ ಮಾತ್ರಕ್ಕೆ ಬಾಣಲೆಯ ಮರಳಿಗೆ ಯಾರೂ ಕೈ ಹಾಕುವುದಿಲ್ಲ. ಡಿಸ್ಕಿನ ಶಾಖ ನಿಧಾನವಾಗಿ ಚಕ್ರಕ್ಕೆ, ಟೈರಿಗೆ ಇಳಿಯುತ್ತದೆ. ಹಾಗಾಗಿ ನಿಂತ ಕೂಡಲೇ ಕಂಡ ಉಷ್ಣಾಂಶವನ್ನು ನಂಬಬಾರದು; 10–15 ನಿಮಿಷ ಬಿಟ್ಟು ನೋಡಿದರೆ ಏರಿರುತ್ತದೆ. ಟೈರಿನೊಳಗೆ ಸುಮಾರು 200 ಪಿಎಸ್‌ಐ ನೈಟ್ರೋಜನ್. ಅತಿ ಬಿಸಿಯಾದರೆ ಚಕ್ರದಲ್ಲಿರುವ ಫ್ಯೂಸ್ ಪ್ಲಗ್ ಕರಗಿ ಗಾಳಿ ಬಿಡುತ್ತದೆ, ಟೈರ್ ಸಿಡಿಯುವುದು ತಪ್ಪುತ್ತದೆ. ಆದರೂ ಅದನ್ನೇ ನೆಚ್ಚಿಕೊಂಡು ಯಾರೂ ಚಕ್ರದ ಪಕ್ಕಕ್ಕೆ ಹೋಗುವುದಿಲ್ಲ. ಮುಂದಿನಿಂದ ಇಲ್ಲವೇ ಹಿಂದಿನಿಂದ ಮಾತ್ರ. ಚಕ್ರಕ್ಕೆ ಅಡ್ಡಗಟ್ಟೆ ಕೊಟ್ಟು ಪಾರ್ಕಿಂಗ್ ಬ್ರೇಕ್ ಸಡಿಲಿಸುತ್ತೇವೆ, ಬಿಸಿ ಡಿಸ್ಕುಗಳು ಒತ್ತಿಕೊಂಡೇ ಇರಬಾರದು.

ಎ320ಯಲ್ಲಿ 300 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯದೆ ಮತ್ತೆ ಟೇಕಾಫ್ ಇಲ್ಲ. ಬ್ರೇಕ್ ತಣಿಸುವ ಫ್ಯಾನ್ ತಿರುಗುತ್ತಿದ್ದರೆ ಮಿತಿ 150, ಏಕೆಂದರೆ ಆಗ ಫ್ಯಾನ್ ಗಾಳಿಗೆ ಸೆನ್ಸರ್ ತಣ್ಣಗಾಗಿರುತ್ತದೆ, ಡಿಸ್ಕ್ ಅಲ್ಲ. ಬಿಸಿಯಲ್ಲೇ ಹೊರಟು ಎರಡನೇ ಸಲವೂ ವಿ-1 ಹತ್ತಿರ ನಿಲ್ಲಿಸಬೇಕಾಗಿ ಬಂದರೆ? ಬ್ರೇಕಿನಲ್ಲಿ ಅಷ್ಟು ಶಾಖ ನುಂಗುವ ಜಾಗ ಉಳಿದಿರುವುದಿಲ್ಲ. ಹಾರಿದರೂ ಅಪಾಯವೇ: ಕಾದ ಚಕ್ರ ಮಡಚಿ ವಿಮಾನದ ಹೊಟ್ಟೆಯೊಳಗೆ ಹೋಗುತ್ತದೆ. 1963ರಲ್ಲಿ ಜ್ಯೂರಿಕ್‌ನಿಂದ ಹೊರಟ ಸ್ವಿಸ್‌ಏರ್ ಕ್ಯಾರವೆಲ್ ವಿಮಾನ ಟೇಕಾಫ್‌ಗೆ ಮೊದಲೇ ಬ್ರೇಕ್ ಕಾಯಿಸಿಕೊಂಡಿತ್ತು. ಆಕಾಶದಲ್ಲಿ ಬೆಂಕಿ ಹತ್ತಿ 80 ಮಂದಿಯೂ ಸತ್ತರು.

ಎಷ್ಟು ಹೊತ್ತು ಎಂದು ನಿಖರವಾಗಿ ಹೇಳುವುದು ಕಷ್ಟ. ತೂಕ, ವೇಗ, ಹವೆಯ ಬಿಸಿ ನೋಡಿ ಬ್ರೇಕ್ ಆರುವ ಕೋಷ್ಟಕ ಹೇಳಿದಷ್ಟು; ಡಿಸೆಂಬರ್ ಬೆಳಗಿಗಿಂತ ಏಪ್ರಿಲ್ ಮಧ್ಯಾಹ್ನ ಹೆಚ್ಚು. ಟೈರ್ ಬದಲಿಸಬೇಕಾಗಿ ಬಂದರೆ ಇನ್ನೂ ತಡ. ಊರಿಂದ ತಂದ ಖಾರ ಮಂಡಕ್ಕಿ ಪೊಟ್ಟಣ ಬಿಚ್ಚಲು ಅಡ್ಡಿಯಿಲ್ಲ, ಸೀಟ್ ಬೆಲ್ಟ್ ಮಾತ್ರ ಹೇಳುವವರೆಗೆ ಬಿಚ್ಚಬೇಡಿ.