ಓದುವುದು ಬೇರೆ, ಒಪ್ಪಿಸುವುದು ಬೇರೆ

ಮೊದಲ ಇಂಟರ್ನಲ್ಸ್ ಅಂಕ ಹೊರಬಿದ್ದ ವಾರ ಡಿಗ್ರಿ, ಎಂಜಿನಿಯರಿಂಗ್ ಮಕ್ಕಳ ಬಾಯಲ್ಲಿ ಒಂದೇ ಮಾತು: ‘ಓದಿದ್ದೆ ಸಾರ್. ನೋಡಿದ್ರೆ ಗೊತ್ತಾಗುತ್ತೆ, ಬರೆಯೋಕೆ ಹೋದ್ರೆ ಬರಲ್ಲ.’ ಇದರಲ್ಲಿ ಸುಳ್ಳೇನೂ ಇಲ್ಲ. ನಾಲ್ಕು ಸಲ ಓದಿದ್ದೇನೆ ಅಂದರೆ ನಾಲ್ಕು ಸಲವೇ ಓದಿರುತ್ತಾರೆ. ಪುಸ್ತಕ ತೆರೆದರೆ ಹಳದಿ, ಗುಲಾಬಿ, ಹಸಿರು. ಕೆಲವು ಪುಟಗಳಲ್ಲಿ ಹೈಲೈಟರ್ ಹತ್ತದ ಸಾಲನ್ನೇ ಹುಡುಕಬೇಕು. ಎಡವಟ್ಟು ಇರುವುದು ‘ನೋಡಿದ್ರೆ ಗೊತ್ತಾಗುತ್ತೆ’ ಎಂಬ ಎರಡು ಪದಗಳಲ್ಲಿ. ಪರೀಕ್ಷಾ ಕೊಠಡಿಯಲ್ಲಿ ನೋಡಲು ಏನೂ ಇರುವುದಿಲ್ಲವಲ್ಲ!

ಜೇಬಿನಲ್ಲಿ ಮಹಾತ್ಮ ಗಾಂಧಿ ಹೊಸ ಸರಣಿಯ 50 ರೂಪಾಯಿ ನೋಟಿದ್ದರೆ ಹೊರಗೆ ತೆಗೆಯದೆ ಉತ್ತರ ಹೇಳಿ. ಹಿಂಬದಿಯ ಚಿತ್ರ ಯಾವುದು? ಹಂಪಿಯ ಕಲ್ಲಿನ ರಥ. ನಮ್ಮೂರಿನದು, ಆದ್ದರಿಂದ ಹೆಚ್ಚಿನವರಿಗೆ ಬರುತ್ತದೆ. 20 ರೂಪಾಯಿಯದು? ಇಲ್ಲಿ ತಡವರಿಕೆ ಶುರು. ಎಲ್ಲೋರಾ. ಅದೇ ಹಿಂಬದಿಯಲ್ಲಿ 15 ಭಾಷೆಗಳಲ್ಲಿ ಮೊತ್ತ ಬರೆದ ಪಟ್ಟಿಯಿದೆ. ಕನ್ನಡ ಮೇಲಿನಿಂದ ಎಷ್ಟನೆಯ ಸಾಲು? ಅಸ್ಸಾಮಿ, ಬಂಗಾಳಿ, ಗುಜರಾತಿ ಆದಮೇಲೆ ನಾಲ್ಕನೆಯದು. ಕನ್ನಡ ಓದಬಲ್ಲವರ ಕೈಯಲ್ಲಿ ಸಾವಿರಾರು ಸಲ ಬಂದುಹೋದ ಕಾಗದ ಇದು. ಕಂಡರೆ ಸಾಕು, ಗುರುತು ಸಿಗುತ್ತದೆ. ಆದರೆ ಆ ಸಾವಿರ ಸಲದಲ್ಲಿ ಒಮ್ಮೆಯೂ ಅದನ್ನು ನೆನಪಿನಿಂದ ಹೊರಗೆ ತೆಗೆಯುವ ಪ್ರಸಂಗ ಬಂದಿಲ್ಲ. ಐದನೇ ಸಲ ಓದಿದ ಮಾಡ್ಯೂಲಿನ, ಅಂದರೆ ಪಠ್ಯದ ಒಂದು ಘಟಕದ, ಗತಿಯೂ ಇದೇ.

ಹಳ್ಳಿ ಶಾಲೆಗಳಲ್ಲಿ ಇದಕ್ಕೊಂದು ಒಳ್ಳೆಯ ಮಾತಿತ್ತು: ಪಾಠ ಒಪ್ಪಿಸುವುದು. ಮೇಷ್ಟ್ರ ಮುಂದೆ ಪುಸ್ತಕ ಮುಚ್ಚಿ, ಕೈಕಟ್ಟಿ ನಿಂತು, ಮಗ್ಗಿಯನ್ನೋ ಪದ್ಯವನ್ನೋ ಅವರಿಗೆ ಒಪ್ಪಿಸಿಬಿಡಬೇಕು. ಈಗಿನವರು ಅದನ್ನು ಉರು ಹೊಡೆಯುವುದು, ಗಿಳಿಪಾಠ ಎಂದು ಒಟ್ಟಿಗೇ ಕಟ್ಟಿ ಎಸೆದರು. ಅರ್ಥವಿಲ್ಲದ ಉರು ಹೋಗಲಿ, ಅದರ ಪರ ವಾದಿಸುವ ಇರಾದೆ ನನಗಿಲ್ಲ. ಒಪ್ಪಿಸುವುದೂ ಅದರ ಜೊತೆ ಹೋದದ್ದು ನಷ್ಟ. ಮಗ್ಗಿ ಐವತ್ತು ವರ್ಷ ನಿಂತದ್ದು ಸಂಜೆ ದೀಪ ಹಚ್ಚಿದ ಹೊತ್ತಿಗೆ ದಿನವೂ ಹೊರಗೆ ಬರುತ್ತಿದ್ದುದರಿಂದ.

ಓದುವವರು ತಮಗೆ ತಾವೇ ಮೋಸ ಹೋಗುವುದು ಹೇಗೆ ಎನ್ನುವುದಕ್ಕೆ ಮನಶ್ಶಾಸ್ತ್ರಜ್ಞರಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗಕ್ಕಿಂತ ಚೊಕ್ಕವಾದ ಉದಾಹರಣೆ ಸಿಗಲಿಕ್ಕಿಲ್ಲ. ಕಾಲೇಜು ವಿದ್ಯಾರ್ಥಿಗಳಿಗೆ ಚಿಕ್ಕ ಗದ್ಯಭಾಗಗಳನ್ನು 7 ನಿಮಿಷ ಓದಲು ಕೊಟ್ಟರು. ಆಮೇಲೆ ಒಂದು ಗದ್ಯವನ್ನು ಇನ್ನೊಂದು 7 ನಿಮಿಷ ಓದಿಸಿದರು. ಇನ್ನೊಂದನ್ನು ಮುಚ್ಚಿಸಿ, ನೆನಪಾದದ್ದನ್ನು 7 ನಿಮಿಷ ಬರೆಸಿದರು. 5 ನಿಮಿಷ ಬಿಟ್ಟು ಪರೀಕ್ಷಿಸಿದಾಗ ಮರುಓದಿಗೇ ಗೆಲುವು: 81 ಶೇಕಡಾ, ಬರೆದದ್ದಕ್ಕೆ 75. ಒಂದು ವಾರ ಕಳೆದ ಮೇಲೆ ತಕ್ಕಡಿ ತಿರುಗಿತ್ತು: ಮರುಓದು 42, ಬರೆದದ್ದು 56. ಮೊದಲ ಎರಡು ಅಂಕಿಗಳನ್ನು ಇನ್ನೊಮ್ಮೆ ನೋಡಿ. ರಾತ್ರಿ ಹತ್ತಕ್ಕೆ ಪುಸ್ತಕ ಮುಚ್ಚುವಾಗ ‘ಎಲ್ಲ ಬಂತು’ ಅನ್ನಿಸುತ್ತದಲ್ಲ, ಆ ಅನಿಸಿಕೆ 5ನೇ ನಿಮಿಷದ ಸತ್ಯ. ಪರೀಕ್ಷೆ ಇರುವುದು ವಾರಗಳ ಆಚೆ.

ಹಾಗಾದರೆ ಮಾಡುವುದೇನು? ಒಂದು ಖಾಲಿ ಹಾಳೆ, ನೀಲಿ ಪೆನ್ನು, ಕೆಂಪು ಪೆನ್ನು. ಇಡೀ ಮಾಡ್ಯೂಲ್ ಬೇಡ. ಮೂರು ನಾಲ್ಕು ಪುಟದ ಒಂದೇ ತಲೆಬರಹ ಸಾಕು. 20 ನಿಮಿಷ ಗಮನವಿಟ್ಟು ಓದಿ, ಪುಸ್ತಕ ಮುಚ್ಚಿ ಪಕ್ಕದ ಕೋಣೆಯಲ್ಲಿಡಿ. 10 ನಿಮಿಷ ಎದ್ದು ಓಡಾಡಿ, ಚಹಾ ಕುಡಿಯಿರಿ, ಫೋನ್ ಮಾತ್ರ ಬೇಡ. ಈ ಬಿಡುವು ಸೋಮಾರಿತನಕ್ಕಲ್ಲ. ಮುಚ್ಚಿದ ಕೂಡಲೇ ಬರೆದರೆ ಕಿವಿಯಲ್ಲಿ ಉಳಿದ ಪ್ರತಿಧ್ವನಿಯನ್ನು ಬರೆದಂತೆ, ಅದು ಆರಬೇಕು. ಆಮೇಲೆ 12 ನಿಮಿಷ ನೀಲಿ ಪೆನ್ನಿನಲ್ಲಿ ತೋಚಿದ್ದೆಲ್ಲ ಬರೆಯಿರಿ: ಪದ, ಬಾಣ, ಚಿತ್ರ, ಸೂತ್ರ. ಪೂರ್ಣ ವಾಕ್ಯವೂ ಬೇಡ, ದುಂಡಗಿನ ಅಕ್ಷರವೂ ಬೇಡ. ಕೊನೆಗೆ ಪುಸ್ತಕ ತೆರೆದು ಬಿಟ್ಟದ್ದನ್ನು, ತಪ್ಪಿದ್ದನ್ನು ಕೆಂಪಿನಲ್ಲಿ ತುಂಬಿ. ನಾಳೆಯ ಓದು ಆ ಕೆಂಪು ಮಾತ್ರ. ನೀಲಿಯನ್ನು ಮತ್ತೆ ಓದುವುದು ಕಾಲಹರಣ.

ಬಿ.ಎಸ್ಸಿ. ವಿದ್ಯಾರ್ಥಿಯ ಕ್ರೆಬ್ಸ್ ಚಕ್ರದ (ಜೀವಕೋಶ ಆಹಾರದಿಂದ ಶಕ್ತಿ ತೆಗೆಯುವ ರಾಸಾಯನಿಕ ಕ್ರಿಯೆಗಳ ಸುತ್ತು) ಹಾಳೆಯನ್ನೇ ತೆಗೆದುಕೊಳ್ಳಿ. ಸಿಟ್ರೇಟ್, ಐಸೊಸಿಟ್ರೇಟ್, ಆಲ್ಫಾ-ಕೀಟೊಗ್ಲುಟರೇಟ್, ಸಕ್ಸಿನೈಲ್ ಕೋಎ, ಸಕ್ಸಿನೇಟ್, ಫ್ಯೂಮರೇಟ್, ಮ್ಯಾಲೇಟ್, ಆಕ್ಸಲೊಅಸಿಟೇಟ್ ಎಂದು ಎಂಟೂ ಹೆಸರು ನೀಲಿಯಲ್ಲಿ ವೃತ್ತಾಕಾರವಾಗಿ ಕೂತಿರುತ್ತವೆ. ಕೆಂಪು ಬೀಳುವುದು ಬಾಣಗಳ ಮೇಲೆ. ಎರಡು ಇಂಗಾಲದ ಡೈಆಕ್ಸೈಡ್ ಹೊರಬೀಳುವುದು ಎಲ್ಲಿ? ಐಸೊಸಿಟ್ರೇಟ್ ದಾಟುವಾಗ ಒಂದು, ಆಲ್ಫಾ-ಕೀಟೊಗ್ಲುಟರೇಟ್ ದಾಟುವಾಗ ಇನ್ನೊಂದು. ಶಕ್ತಿ ಹೊತ್ತೊಯ್ಯುವ ಎಫ್‌ಎಡಿಎಚ್2 ಎಂಬ ಅಣು ಬರುವುದು ಸಕ್ಸಿನೇಟ್ ಫ್ಯೂಮರೇಟ್ ಆಗುವಲ್ಲಿ; ಅದನ್ನು ಒಂದು ಮನೆ ಮುಂದೆ, ಮ್ಯಾಲೇಟ್ ಹತ್ತಿರ ಕೂರಿಸುವವರೇ ಹೆಚ್ಚು. ಅಂಕ ಹೋಗುವುದೂ ಅಲ್ಲೇ. ಆರು ಸಲ ಆ ಚಿತ್ರವನ್ನು ನೋಡಿದರೂ ಈ ಖಾಲಿ ಜಾಗ ಕಣ್ಣಿಗೆ ಬೀಳದು, ಏಕೆಂದರೆ ಅಚ್ಚಾದ ಚಿತ್ರದಲ್ಲಿ ಖಾಲಿ ಜಾಗವೇ ಇಲ್ಲ.

ಇಷ್ಟು ಹೇಳಿ ಕಳಿಸಿದರೂ ಮುಂದಿನ ವಾರ ‘ಮಾಡಿದೆ, ಉಪಯೋಗ ಆಗಲಿಲ್ಲ’ ಎಂದು ಬರುವವರಿದ್ದಾರೆ. ಹಾಳೆ ತೋರಿಸಿ ಅಂದರೆ ಹಾಳೆಯೇ ಇಲ್ಲ, ‘ಮನಸ್ಸಲ್ಲೇ ಹೇಳ್ಕೊಂಡೆ.’ ಮನಸ್ಸು ದಾಕ್ಷಿಣ್ಯದ ಪ್ರಾಣಿ, ಅರ್ಧ ಹೇಳಿದರೆ ‘ಹೂಂ, ಗೊತ್ತು’ ಎಂದು ಮುಂದೆ ಬಿಡುತ್ತದೆ. ಇನ್ನು ಕೆಲವರು ಹತ್ತು ಸೆಕೆಂಡ್ ತಡವರಿಸಿ ಪುಸ್ತಕ ಇಣುಕುತ್ತಾರೆ. ತಡವರಿಸುವ ಆ ಒಂದೆರಡು ನಿಮಿಷವೇ ಕೆಲಸ ನಡೆಯುವ ಹೊತ್ತು ಮಾರಾಯರೇ, ಇಣುಕಿದರೆ ಅದು ಹೋಯಿತು. ಕೆಂಪು ಪೆನ್ನೇ ಮುಟ್ಟದವರದ್ದು ಇನ್ನೂ ಕಷ್ಟ: ತಪ್ಪನ್ನು ನೆನಪಿನಿಂದ ತೆಗೆದು ತಿದ್ದದೆ ಒಳಗಿಟ್ಟರೆ ತಪ್ಪೇ ಗಟ್ಟಿಯಾಗುತ್ತದೆ. ಮೊದಲ ಹಾಳೆ ಮುಕ್ಕಾಲು ಖಾಲಿ ಎಂದು ಹೆದರಿ ಮತ್ತೆ ಹೈಲೈಟರ್ ಹಿಡಿಯುವವರೂ ಕಡಿಮೆಯಿಲ್ಲ. ಮೊದಲ ಹಾಳೆ ಖಾಲಿಯಾಗಿಯೇ ಇರುತ್ತದೆ. ಎರಡನೆಯದನ್ನು ಬರೆಯದೆ ತೀರ್ಪು ಕೊಡಬೇಡಿ.

ಎರಡನೆಯ ಹಾಳೆ ಮರುದಿನ, ಮೂರನೆಯದು ನಾಲ್ಕೈದು ದಿನ ಬಿಟ್ಟು, ನಾಲ್ಕನೆಯದು ಇನ್ನೆರಡು ವಾರಕ್ಕೆ, ಕೊನೆಯದು ಪರೀಕ್ಷೆಯ ಹಿಂದಿನ ವಾರ. ಇದೇನೂ ಶಾಸನವಲ್ಲ, ಒಂದೆರಡು ದಿನ ಆಚೀಚೆ ಆದರೆ ಮುಳುಗುವುದಿಲ್ಲ. ಅಂತರ ಹಿಗ್ಗುತ್ತ ಹೋದರಾಯಿತು. ಮಾಡ್ಯೂಲಿಗೆ ಆರು ತಲೆಬರಹ, ಐದು ಮಾಡ್ಯೂಲ್ ಎಂದರೆ ಒಂದು ವಿಷಯಕ್ಕೆ ಒಂದು ಸುತ್ತಿಗೆ 30 ಹಾಳೆ. ಸೆಮಿಸ್ಟರ್ ಶುರುವಿನಿಂದ ದಿನಕ್ಕೆರಡು ಮೂರು ಹಾಳೆ ಹೋದರೆ ಭಾರವಿಲ್ಲ. ಸ್ಟಡಿ ಹಾಲಿಡೇಸ್ ತನಕ ಕಾದರೆ ಈ ಲೆಕ್ಕ ಕೂಡುವುದಿಲ್ಲ, ಆಗ ವಾಟ್ಸ್ಆ್ಯಪ್‌ನಲ್ಲಿ ಹರಿದಾಡುವ ‘ಪಾಸಿಂಗ್ ಪ್ಯಾಕೇಜ್’ ಪಿಡಿಎಫ್ಫೇ ಗತಿ. ಕೊನೆಯ ಸುತ್ತನ್ನು ಗಡಿಯಾರ ಇಟ್ಟು ಬರೆಯಿರಿ. ವಿಟಿಯುವಿನ (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) 3 ಗಂಟೆ, 100 ಅಂಕದ ಪತ್ರಿಕೆಯಲ್ಲಿ 20 ಅಂಕದ ಪೂರ್ಣ ಪ್ರಶ್ನೆಗೆ ಸಿಗುವುದು 36 ನಿಮಿಷ. ಪ್ರಶ್ನೆ ಆರಿಸಲು, ಮತ್ತೆ ನೋಡಲು ಕಾಲು ಗಂಟೆ ತೆಗೆದಿಟ್ಟರೆ 33.

ಗಣಿತದವರು ‘ನಮಗಿದು ಅನ್ವಯಿಸಲ್ಲ’ ಎನ್ನುತ್ತಾರೆ. ಬಿಡಿಸಿದ ಲೆಕ್ಕವನ್ನು ಓದಿ ತಲೆಯಾಡಿಸುವುದೂ ‘ನೋಡಿದ್ರೆ ಗೊತ್ತಾಗುತ್ತೆ’ಯ ಜಾತಿಯೇ. ಉತ್ತರವನ್ನು ಹಾಳೆಯಿಂದ ಮುಚ್ಚಿ, ಒಂದೊಂದೇ ಸಾಲು ಕೆಳಗೆ ಸರಿಸುತ್ತ ಮುಂದಿನ ಸಾಲನ್ನು ಮೊದಲು ನೀವೇ ಬರೆಯಿರಿ. ಇನ್ನೊಂದು ಬಲೆಯಿದೆ. ‘ಇಂಟಿಗ್ರೇಷನ್ ಬೈ ಪಾರ್ಟ್ಸ್’ ಎಂಬ ತಲೆಬರಹದ ಕೆಳಗಿನ ಇಪ್ಪತ್ತು ಲೆಕ್ಕಗಳಲ್ಲಿ ವಿಧಾನ ಆರಿಸುವ ಕೆಲಸವನ್ನು ತಲೆಬರಹವೇ ಮಾಡಿಬಿಟ್ಟಿರುತ್ತದೆ. ಪರೀಕ್ಷೆಯಲ್ಲಿ ತಲೆಬರಹ ಇರುವುದಿಲ್ಲ. ಎಕ್ಸ್ ಇಂಟು ಇ ಪವರ್ ಎಕ್ಸ್ ಬೈ ಪಾರ್ಟ್ಸ್‌ಗೆ ಬಗ್ಗುತ್ತದೆ. ಎಕ್ಸ್ ಇಂಟು ಇ ಪವರ್ ಎಕ್ಸ್ ಸ್ಕ್ವೇರ್‌ಗೆ ಸಬ್‌ಸ್ಟಿಟ್ಯೂಷನ್ ಬೇಕು. ಮೂರು ಅಭ್ಯಾಸಗಳಿಂದ ನಾಲ್ಕು ನಾಲ್ಕು ಲೆಕ್ಕಗಳನ್ನು ಚೀಟಿಯಲ್ಲಿ ಬರೆದು ಕಲೆಸಿ ಎತ್ತಿ. ಬಿಡಿಸುವ ಮೊದಲು ವಿಧಾನದ ಹೆಸರು ಬರೆಯಿರಿ.

ಪಿಯುಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಒಂದು ಮಾತು. ಮೊದಲ ಹಾಳೆಯನ್ನು ಕನ್ನಡದಲ್ಲೇ ಬರೆಯಿರಿ, ನಾಚಿಕೆ ಬೇಡ. ಪಾರಿಭಾಷಿಕ ಪದಗಳನ್ನು ಮಾತ್ರ ಇಂಗ್ಲಿಷ್ ಕಾಗುಣಿತದಲ್ಲಿ ಹಾಕಿ. ಮೂರನೆಯ ಹಾಳೆಯಿಂದ ಪೂರ್ತಿ ಇಂಗ್ಲಿಷ್. ಹೆಚ್ಚಾಗಿ ನೀವು ನಿಲ್ಲುವುದು ವಿಷಯ ತಿಳಿಯದೆ ಅಲ್ಲ. ಬದಲಾಗುತ್ತದೆ, ಬಿಡುಗಡೆಯಾಗುತ್ತದೆ, ಅವಲಂಬಿಸಿದೆ ಎನ್ನುವಂಥ ಕ್ರಿಯಾಪದಗಳು ಪೆನ್ನಿಗೆ ಹತ್ತದೆ. ಕೆಂಪು ಪೆನ್ನಿನಲ್ಲಿ ಅವನ್ನೂ ಗುರುತಿಸಿಕೊಳ್ಳಿ.

ಎಲ್ಲಕ್ಕೂ ಇದೇ ಮದ್ದು ಎಂದು ಹೇಳಲಾರೆ. ಪಾಠವೇ ಅರ್ಥವಾಗದಿದ್ದರೆ ಖಾಲಿ ಹಾಳೆ ಖಾಲಿಯಾಗಿಯೇ ಉಳಿಯುತ್ತದೆ. ಮೊದಲು ಲೆಕ್ಚರರ್ ಬಳಿ ಹೋಗಿ. ನಾಳೆ ಬೆಳಗ್ಗೆಯೇ ಪರೀಕ್ಷೆ ಇದ್ದು ಇನ್ನೂ ಏನೂ ಆಗಿಲ್ಲವೆಂದರೆ ಒಮ್ಮೆ ಓದಿ ಮಲಗುವುದೇ ಲೇಸು. ಅಕ್ಷರಗಳೇ ಕಲಸಿಹೋಗುತ್ತಿದ್ದರೆ, ಕೈ ನಡುಗಿ ಬರೆಯಲಾಗದಿದ್ದರೆ ಅದು ಓದುವ ವಿಧಾನದ ಪ್ರಶ್ನೆಯಲ್ಲ, ತಜ್ಞರನ್ನು ಕಾಣಬೇಕು.

ಬರೆದು ಬರೆದು ಬೇಸರವಾದ ದಿನ ಬಾಯಲ್ಲಿ ಒಪ್ಪಿಸಬಹುದು. ಎದುರಿಗೆ ವಿಷಯ ಗೊತ್ತಿರುವವರೇ ಇರಬೇಕಿಲ್ಲ. ಅಮ್ಮ ಸೊಪ್ಪು ಬಿಡಿಸುತ್ತ ಕೂತಿದ್ದರೆ ಪಕ್ಕದಲ್ಲಿ ಕೂತು ಹೇಳಿ. ಸಕ್ಸಿನೇಟ್ ಎಂದರೇನೆಂದು ಅವರಿಗೆ ತಿಳಿಯದಿರಬಹುದು, ನೀವು ಎಲ್ಲಿ ‘ಅದೂ... ಅದೇನಂದ್ರೆ...’ ಅಂದಿರಿ ಎಂಬುದು ಮಾತ್ರ ಚೆನ್ನಾಗಿ ತಿಳಿಯುತ್ತದೆ. ಅಲ್ಲೊಂದು ಸೊಪ್ಪಿನ ಕಡ್ಡಿ ಪಕ್ಕಕ್ಕಿಡಲು ಹೇಳಿ. ಹಾಸ್ಟೆಲಿನವರು ಫೋನಿನಲ್ಲಿ ರೆಕಾರ್ಡ್ ಮಾಡಿ, ತಡವರಿಸಿದ ಜಾಗ ಎಷ್ಟೆಂದು ಎಣಿಸಿಕೊಳ್ಳಿ. ಐದಕ್ಕಿಂತ ಹೆಚ್ಚಿದ್ದರೆ ಆ ತಲೆಬರಹಕ್ಕೆ ನಾಳೆಯೇ ಇನ್ನೊಂದು ಹಾಳೆ.