ಸಾಯಣರ 2,202 ಯೋಜನ

‘ಬೆಳಕಿನ ವೇಗವನ್ನು ವಿಜಯನಗರದ ಸಾಯಣಾಚಾರ್ಯರು 14ನೇ ಶತಮಾನದಲ್ಲೇ ಹೇಳಿದ್ದರು.’ ಈ ಮಾತು ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಸಾಯಣರ ಮೇಲೆ ನನಗೆ ತುಂಬ ಗೌರವ. ಬುಕ್ಕರಾಯನ ಆಸ್ಥಾನದಲ್ಲಿದ್ದುಕೊಂಡು ಇಡೀ ಋಗ್ವೇದಕ್ಕೆ ಭಾಷ್ಯ ಬರೆಸಿದವರು ಅವರು. ಹಾಗಾಗಿಯೇ ಅವರು ನಿಜಕ್ಕೂ ಏನು ಬರೆದಿದ್ದಾರೆ ಅಂತ ಬಿಡಿಸಿ ನೋಡಬೇಕು ಅನಿಸಿತು.

ಜಾಗ ಋಗ್ವೇದದ ಮೊದಲ ಮಂಡಲ, 50ನೇ ಸೂಕ್ತ, ನಾಲ್ಕನೇ ಮಂತ್ರ. ಅದು ಸೂರ್ಯನ ಸ್ತುತಿ. ಅಲ್ಲಿ ಬರುವ ‘ತರಣಿ’ ಎಂಬ ಪದಕ್ಕೆ ಸಾಯಣರು ‘ಬೇರೆ ಯಾರೂ ಹೋಗಲಾಗದ ದೊಡ್ಡ ದಾರಿಯನ್ನು ಸಾಗುವವನು’ ಎಂದು ಅರ್ಥ ಹೇಳುತ್ತಾರೆ. ಆಮೇಲೆ ಒಂದು ಶ್ಲೋಕ ಕೊಡುತ್ತಾರೆ: ‘ಯೋಜನಾನಾಂ ಸಹಸ್ರೇ ದ್ವೇ ದ್ವೇ ಶತೇ ದ್ವೇ ಚ ಯೋಜನೇ, ಏಕೇನ ನಿಮಿಷಾರ್ಧೇನ ಕ್ರಮಮಾಣ ನಮೋಽಸ್ತು ತೇ.’ ಅರ್ಧ ನಿಮಿಷದಲ್ಲಿ 2,202 ಯೋಜನ ಸಾಗುವವನೇ, ನಿನಗೆ ನಮಸ್ಕಾರ. ಯೋಜನ ಎಂದರೆ ದೂರದ ಹಳೆಯ ಅಳತೆ. ಈ ನಿಮಿಷ ಇಂದಿನ ಗಡಿಯಾರದ ನಿಮಿಷವಲ್ಲ, ಕಣ್ಣು ಮಿಟುಕಿಸುವ ಹೊತ್ತು.

ಗಮನಿಸಿ, ಇಲ್ಲಿ ಸಾಗುತ್ತಿರುವುದು ಸೂರ್ಯ. ಬೆಳಕಿನ ಓಟದ ಮಾತೇ ಈ ಶ್ಲೋಕದಲ್ಲಿಲ್ಲ. ಇನ್ನೊಂದು ವಿಷಯವೂ ಇದೆ. ಶ್ಲೋಕಕ್ಕೆ ಮೊದಲು ಸಾಯಣರು ‘ತಥಾ ಚ ಸ್ಮರ್ಯತೇ’ ಎನ್ನುತ್ತಾರೆ. ಅಂದರೆ ಹೀಗೊಂದು ಮಾತು ಮೊದಲಿನಿಂದ ನೆನಪಿನಲ್ಲಿದೆ ಅಂತ. ಲೆಕ್ಕ ತನ್ನದು ಎಂದು ಅವರು ಹೇಳಿಕೊಂಡಿಲ್ಲ. ಎಷ್ಟು ಪ್ರಾಮಾಣಿಕ ಮನುಷ್ಯ ಅಲ್ವಾ!

ಹಾಗಾದರೆ ಬೆಳಕಿನ ವೇಗ ಎಲ್ಲಿಂದ ಬಂತು? ಪುರಾಣದ ಲೆಕ್ಕದಲ್ಲಿ ಒಂದು ದಿನಕ್ಕೆ 4,05,000 ನಿಮಿಷ. ಆಗ ಅರ್ಧ ನಿಮಿಷ ಎಂದರೆ ಸುಮಾರು 0.107 ಸೆಕೆಂಡ್. ಯೋಜನಕ್ಕೆ 14.5 ಕಿಲೋಮೀಟರ್ ಹಿಡಿದರೆ ಸೆಕೆಂಡಿಗೆ ಸುಮಾರು 2,99,000 ಕಿಲೋಮೀಟರ್ ಸಿಗುತ್ತದೆ. ಬೆಳಕಿನ ವೇಗ 2,99,792 ಕಿಲೋಮೀಟರ್. ಮೈ ಜುಂ ಅನ್ನುವಷ್ಟು ಹತ್ತಿರ.

ಆದರೆ ಯೋಜನ ಎಲ್ಲ ಕಡೆ ಒಂದೇ ಅಳತೆಯಲ್ಲ. ಭೂಮಿಯ ವ್ಯಾಸ 1,050 ಯೋಜನ ಎಂದರು ಆರ್ಯಭಟರು. ಆ ಪ್ರಕಾರ ಯೋಜನ ಸುಮಾರು 12 ಕಿಲೋಮೀಟರ್, ವೇಗ 2,48,000ದ ಆಸುಪಾಸು. ಸೂರ್ಯಸಿದ್ಧಾಂತ ಎಂಬ ಹಳೆಯ ಖಗೋಳ ಗ್ರಂಥದ ಪ್ರಕಾರ ವ್ಯಾಸ 1,600 ಯೋಜನ. ಆಗ ಯೋಜನ 8 ಕಿಲೋಮೀಟರಿಗೆ, ವೇಗ 1,65,000ಕ್ಕೆ ಇಳಿಯುತ್ತದೆ. ಉತ್ತರ ಮೊದಲೇ ಗೊತ್ತಿದ್ದಾಗ ಅದಕ್ಕೆ ಹೊಂದುವ ಯೋಜನವನ್ನು ಆರಿಸಿಕೊಳ್ಳುವುದು ಕಷ್ಟವಲ್ಲ. ಎರಡು ಸಾವಿರ, ಎರಡು ನೂರು, ಎರಡು. ನನಗಂತೂ ಇದು ಅಳೆದು ಬಂದ ಅಂಕಿಗಿಂತ ಬಾಯಲ್ಲಿ ಸಲೀಸಾಗಿ ಉರುಳುವ ಸ್ತುತಿಯ ಅಂಕಿಯಂತೆ ಕೇಳುತ್ತದೆ.

1998ರಲ್ಲಿ ಕಂಪ್ಯೂಟರ್ ವಿಜ್ಞಾನಿ ಸುಭಾಷ್ ಕಾಕ್ ಈ ಸಾಲಿನ ಬಗ್ಗೆ ಲೇಖನ ಬರೆದ ಮೇಲೆ ಚರ್ಚೆ ಇನ್ನಷ್ಟು ಹಬ್ಬಿತು. ಇದು ಇತ್ತೀಚೆಗೆ ಯಾರೋ ಸೇರಿಸಿದ ಶ್ಲೋಕ ಎಂಬ ಅನುಮಾನ ಮಾತ್ರ ಬೇಡ. ಹಳೆಯ ಹಸ್ತಪ್ರತಿಗಳನ್ನು ನೋಡಿ 19ನೇ ಶತಮಾನದ ಜರ್ಮನ್ ವಿದ್ವಾಂಸ ಮ್ಯಾಕ್ಸ್ ಮುಲ್ಲರ್ ಅಚ್ಚು ಹಾಕಿಸಿದ ಸಾಯಣಭಾಷ್ಯದಲ್ಲೂ ಅದಿದೆ.

ಯುರೋಪಿನಲ್ಲೂ ಬಹಳ ಕಾಲ ಇದ್ದದ್ದು ಊಹೆಯೇ. ಬೆಳಕಿಗೆ ಪ್ರಯಾಣವೇ ಇಲ್ಲ ಎಂದಿದ್ದರು ಅರಿಸ್ಟಾಟಲ್. ಇಬ್ಬರು ದೂರ ದೂರ ನಿಂತು ಕಂದೀಲಿನ ಮುಚ್ಚಳ ತೆಗೆದು ನೋಡುವ ಉಪಾಯವನ್ನು ಗೆಲಿಲಿಯೊ 1638ರಲ್ಲಿ ವಿವರಿಸಿದರು. ಅದರಿಂದ ಏನೂ ತಿಳಿಯಲಿಲ್ಲ, ಬೆಳಕು ಅಷ್ಟು ಬೇಗ. 1676ರಲ್ಲಿ ಡೆನ್ಮಾರ್ಕಿನ ಖಗೋಳಜ್ಞ ಓಲ್ ರೋಮರ್ ಒಂದು ಹೆಜ್ಜೆ ಮುಂದೆ ಹೋದರು. ಗುರುಗ್ರಹದ ಚಂದ್ರ ಅಯೋ ನವೆಂಬರಿನ ಗ್ರಹಣದಿಂದ ಹತ್ತು ನಿಮಿಷ ತಡವಾಗಿ ಹೊರಬರುತ್ತದೆ ಎಂದು ತಿಂಗಳುಗಳ ಮೊದಲೇ ಹೇಳಿಬಿಟ್ಟರು. ಅದು ತಡವಾಗಿಯೇ ಕಂಡಿತು. ಭೂಮಿ ದೂರ ಸರಿದಿದ್ದರಿಂದ ಬೆಳಕಿಗೆ ಜಾಸ್ತಿ ದಾರಿ ಬಿದ್ದಿತ್ತು. ಸುಳ್ಳಾದರೆ ಎಲ್ಲರೆದುರು ಸಿಕ್ಕಿಬೀಳುವಂಥ ಮಾತನ್ನು ಮುಂಚೆಯೇ ಆಡುವ ಧೈರ್ಯ ಅದು.

ನೆಲದ ಮೇಲೆ ಮೊದಲು ಅಳೆದವರು ಫ್ರಾನ್ಸಿನ ಫಿಜೋ. ಪ್ಯಾರಿಸ್ ಬಳಿ 8.6 ಕಿಲೋಮೀಟರ್ ದೂರದಲ್ಲಿ ಕನ್ನಡಿ ಇಟ್ಟರು. 720 ಹಲ್ಲಿನ ಚಕ್ರ ತಿರುಗಿಸಿ, ಹಲ್ಲುಗಳ ಸಂದಿನಿಂದ ಬೆಳಕು ಬಿಟ್ಟರು. ಸೆಕೆಂಡಿಗೆ 12.6 ಸುತ್ತು ಆದಾಗ, ಹೋಗಿ ಮರಳಿದ ಬೆಳಕು ಮುಂದಿನ ಹಲ್ಲಿಗೆ ಬಡಿದು ಮರೆಯಾಯಿತು. ಲೆಕ್ಕ ಹಾಕಿದಾಗ ಬಂದದ್ದು ಸೆಕೆಂಡಿಗೆ ಸುಮಾರು 3,13,000 ಕಿಲೋಮೀಟರ್. ಇದು ನಡೆದದ್ದು 1849ರಲ್ಲಿ. ಮುಲ್ಲರ್ ಅವರ ಮೊದಲ ಸಂಪುಟ, ಸಾಯಣರ ಆ 2,202 ಯೋಜನವನ್ನು ಹೊತ್ತು, ಅಚ್ಚಾಗಿ ಹೊರಬಂದದ್ದೂ ಅದೇ ವರ್ಷ.